ಎಲೆಯ ಮೇಲ್ಭಾಗ

ರೈತರಿಗೆ ಬೆಳೆ ಸಲಹೆ ಕೊಡುವ ಸಣ್ಣ ಸಂಸ್ಥೆಯೊಂದರಲ್ಲಿ ನಾವು ಐವರು. ಚಿಕ್ಕೋಡಿಯಲ್ಲಿ ನಾನು, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೆ ಒಬ್ಬೊಬ್ಬರು. ವಯಸ್ಸಿಗೆ ಹಿರಿಯನೆಂದು ನನ್ನನ್ನೇ ಮುಖ್ಯಸ್ಥನನ್ನಾಗಿ ಮಾಡಿದ್ದರು. ಸೋಮವಾರ ಎಲ್ಲರೂ ಚಿಕ್ಕೋಡಿಯ ಬಾಡಿಗೆ ಕೋಣೆಗೆ ಬರುತ್ತಿದ್ದರು. ರೋಗ ಬಿದ್ದ ಎಲೆಗಳನ್ನು ಚೀಲದಲ್ಲಿ ತಂದು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಕಾಗವಾಡ ನೋಡಿಕೊಳ್ಳುತ್ತಿದ್ದವರು ಶೇಡಬಾಳದ ಜೈನ ಮನೆತನದವರು, ಸ್ವತಃ ದ್ರಾಕ್ಷಿ ಬೆಳೆದವರು. ನಾನು ತಪ್ಪು ಹೇಳಿದರೆ ಅವರು ಎದುರಾಡುತ್ತಿರಲಿಲ್ಲ. ಎಲೆಯನ್ನು ಹೊರಳಿಸಿ ಮೆಲ್ಲಗೆ ನನ್ನ ಮುಂದೆ ಸರಿಸುತ್ತಿದ್ದರು. ನಾನು ಇನ್ನೊಮ್ಮೆ ನೋಡಿ ಮಾತು ಬದಲಿಸುತ್ತಿದ್ದೆ. ಬೆಳೆಯ ಜೊತೆಗೆ ನನ್ನ ಮಾನವೂ ಉಳಿಯುತ್ತಿತ್ತು.

ಆಮೇಲೆ ಸಂಸ್ಥೆಯವರು ಕೋಣೆ ಬಿಟ್ಟರು. ಸೋಮವಾರದ ಮೀಟಿಂಗ್ ಮೊಬೈಲಿಗೆ ಬಂತು. ಇನ್ನು ಯಾರಿಗೂ ಬಸ್ಸಿನ ಧೂಳಿಲ್ಲ ಎಂದು ಭಾಷಣ ಬಿಗಿದವನು ನಾನೇ. ನೆಟ್‌ವರ್ಕ್ ನೆಪದಲ್ಲಿ ಕ್ಯಾಮೆರಾ ಆಫ್ ಆಗಿ ಒಂದೊಂದೇ ಮುಖ ಮಾಯವಾಯಿತು. ನನಗೂ ಅದು ಆರಾಮೆನಿಸಿತು, ಸುಳ್ಳು ಯಾಕೆ ಹೇಳಲಿ.

ಅಥಣಿ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ತೆಲಸಂಗದ ಸೊಸೆ. ನಿನ್ನೆ ಮೊನ್ನೆ ಬಂದವಳು ನಮಗೇನು ಕಲಿಸುತ್ತಾಳೆ ಎಂದು ನಕ್ಕಿದ್ದ ಊರು, ಅವಳನ್ನು ಕೇಳದೆ ತೋಟಕ್ಕೆ ಔಷಧಿ ಹೊಡೆಯದಷ್ಟು ನಂಬಿಕೆಗೆ ಬರಲು ಎರಡು ವರ್ಷ ಹಿಡಿದಿತ್ತು. ಅವಳ ಗಳಿಕೆಯೆಂದರೆ ಆ ನಂಬಿಕೆಯೇ.

ದ್ರಾಕ್ಷಿ ಹೂಗೊಂಚಲು ಬಿಡುವ ಹೊತ್ತಿಗೆ ಅಕಾಲದ ಮಳೆಯಾಯಿತು. ಅವಳು ನಮ್ಮ ಐವರ ವಾಟ್ಸಾಪ್ ಗುಂಪಿಗೆ ಒಂದು ಎಲೆಯ ಫೋಟೋ ಹಾಕಿದಳು. ಮೇಲೆ ಹಳದಿ ಮಚ್ಚೆ. ಪೋಷಕಾಂಶದ ಕೊರತೆ ಇರಬಹುದೇ ಎಂದು ಕೇಳಿದ್ದಳು. ನಾನು ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಫೋಟೋ ದೊಡ್ಡದು ಮಾಡಿ ನೋಡಲೂ ಇಲ್ಲ, ಹೌದೆನ್ನುವ ಹೆಬ್ಬೆರಳಿನ ಚಿತ್ರ ಒತ್ತಿದೆ. ಹಿಂದೆಯೇ ಇನ್ನೂ ಮೂರು ಹೆಬ್ಬೆರಳು ಬಂದವು. ಅವಳು ಊರಿಗೆಲ್ಲ ಪೋಷಕಾಂಶ ಸಿಂಪಡಿಸಲು ಹೇಳಿದಳು.

ಅದು ಬೂಜು ರೋಗ. ಎಲೆಯ ಕೆಳಗಡೆ ಬಿಳಿ ಬೂಜು ಇತ್ತು. ಫೋಟೋದಲ್ಲಿ ಇದ್ದದ್ದು ಮೇಲ್ಭಾಗ ಮಾತ್ರ. ವಾರ ಹತ್ತು ದಿನದಲ್ಲಿ ಗೊಂಚಲುಗಳು ಕಂದು ಬಣ್ಣಕ್ಕೆ ತಿರುಗಿ ಉದುರಿದವು.

ಕಾಗವಾಡದವರಿಗೆ ಫೋನ್ ಮಾಡಿ, ನಿಮಗೂ ಗೊತ್ತಾಗಲಿಲ್ಲವೇ ಎಂದು ಹರಿಹಾಯ್ದೆ.

"ಸಂಶೆ ಬಂದಿತ್ರಿ ಸರ್. ಆದ್ರ ನೀವು ಹೂಂ ಅಂದ ಮ್ಯಾಲ, ಎಲ್ಲಾರ ಮುಂದ ನಾ ಹ್ಯಾಂಗ ಅಲ್ಲ ಅಂತ ಬರೀಲಿ?"

ಸಿಟ್ಟು ಬಂತು. ಫೋನ್ ಇಟ್ಟ ಮೇಲೆ ಆ ಸಿಟ್ಟನ್ನು ಯಾರ ಮೇಲೆ ಹಾಕಲಿ ಎಂಬುದೇ ತಿಳಿಯಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ತೆಲಸಂಗಕ್ಕೆ ಹೋದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಚಹಾ ಕೊಟ್ಟಳು, ಜೊತೆಗೆ ರಾಜೀನಾಮೆ ಪತ್ರ ಕೊಟ್ಟಳು. ತಪ್ಪು ನನ್ನದೆಂದು ಊರವರಿಗೆ ನಾನೇ ಹೇಳುತ್ತೇನೆ ಎಂದೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು.

"ಅವರು ನಿಮ್ಮನ್ನ ನೋಡೇ ಇಲ್ರಿ ಸರ್. ನಂಬಿದ್ದು ನನ್ನ. ಇನ್ನ ಈ ಊರಾಗ ನನ್ನ ಮಾತ ಯಾರೂ ಕೇಳೂದಿಲ್ಲ."

ಪತ್ರ ಜೇಬಿಗಿಟ್ಟುಕೊಂಡು ಎದ್ದೆ. ವಾಪಸ್ ಬರುವಾಗ ಅಥಣಿ ದಾಟುತ್ತಿದ್ದಂತೆ ಮೀಟಿಂಗಿನ ಹೊತ್ತಾಯಿತು. ಗಾಡಿ ರಸ್ತೆ ಬದಿಗೆ ಹಾಕಿ ಸೇರಿಕೊಂಡೆ. ನಿಪ್ಪಾಣಿ, ರಾಯಬಾಗ, ಕಾಗವಾಡ, ಮೂರೂ ಕಪ್ಪು ಚೌಕಗಳು. ನಾಲ್ಕನೆಯವಳು ಯಾಕಿಲ್ಲವೆಂದು ಯಾರೂ ಕೇಳಲಿಲ್ಲ. ಅವಳ ಮನೆಯಿಂದಲೇ ಬರುತ್ತಿದ್ದೇನೆಂದು ನಾನೂ ಹೇಳಲಿಲ್ಲ.