ಲಿಫ್ಟ್ ತಾತ ಮೆಟ್ಟಿಲು ಹತ್ತಿದ ದಿನ

ಆ ಆರಂತಸ್ತಿನ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಅವನು ಲಿಫ್ಟ್ ತಾತ. ಇಪ್ಪತ್ತಾರು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದವನು. ಊರವರನ್ನೆಲ್ಲ ಮೇಲೆ ಹತ್ತಿಸಿ, ತಾನು ಮಾತ್ರ ಒಂದು ಮೆಟ್ಟಿಲೂ ಹತ್ತದ ಮಹಾನುಭಾವ! "ಮೆಟ್ಟಿಲು ಇರೋದು ಬೆಕ್ಕಿಗೆ" ಎನ್ನುವುದು ಅವನ ಹಳೆಯ ತಮಾಷೆ.

ಆ ವಾರ ಬೆಂಕಿಯ ಅಲಾರಂ, ನೀರು ಚಿಮ್ಮಿಸುವ ಪೈಪು ಎರಡನ್ನೂ ರಿಪೇರಿಗೆಂದು ಬಿಚ್ಚಿದ್ದರು. ಒಂದು ದಿನ ಮ್ಯಾನೇಜರ್ ಬೆಳಿಗ್ಗೆಯೇ ಅವನ ಕೈಗೆ ಒಂದು ಹಿತ್ತಾಳೆ ಗಂಟೆ, ಒಂದು ನೋಟ್‌ಬುಕ್ ಕೊಟ್ಟ.

"ತಾತ, ಸಂಜೆವರೆಗೂ ನೀವೇ ಅಲಾರಂ. ಅರ್ಧ ಗಂಟೆಗೊಂದು ಸಲ ಎಲ್ಲ ಮಹಡಿ ಸುತ್ತಿ. ಹೊಗೆ ಕಂಡ್ರೆ ಗಂಟೆ ಬಾರಿಸಿ. ಏನ್ ಕಂಡ್ರೂ ಬರೀರಿ. ಆದ್ರೆ ಮೆಟ್ಟಿಲಲ್ಲೇ ಹೋಗ್ಬೇಕು. ಬೆಂಕಿ ಬಿದ್ರೆ ಜನ ಇಳಿಯೋದು ಅಲ್ಲೇ ತಾನೆ?"

"ಈ ಮಂಡಿ ಇಟ್ಕೊಂಡಾ?" ಎಂದು ಗೊಣಗಿದರೂ ಒಳಗೊಳಗೇ ಹಿಗ್ಗು. ನಾಲ್ಕನೇ ಮಹಡಿಯ ಶಿಶುವಿಹಾರದಲ್ಲಿ ಅವನ ಮಗಳ ಮಗಳಿದ್ದಳು. ಅವಳನ್ನು ಕಾಯಲು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಏದುಸಿರು ಬಿಡುತ್ತ ಎರಡು ಮಹಡಿ ಹತ್ತಿದ. ಮೂರನೆಯದರ ತಿರುವಿನಲ್ಲಿ ದಾರಿಯೇ ಇರಲಿಲ್ಲ. ಕಾಲು ಮುರಿದ ಮಂಚ, ದೊಡ್ಡ ಬೀರು, ಸುತ್ತಿಟ್ಟ ಹಾಸಿಗೆಗಳು, ಮೇಲೊಂದು ಸೈಕಲ್ಲು. ಅಡ್ಡಡ್ಡ ನುಸುಳಲು ಹೋದರೆ ಹೊಟ್ಟೆ ಸಿಕ್ಕಿಕೊಂಡಿತು.

ಯಾವ ಮಹಾರಾಯ ಇಟ್ಟಿದ್ದು ಎಂದು ಬಯ್ಯಲು ಬಾಯಿ ತೆರೆದವನು ಹಾಗೇ ನಿಂತ. ಬೀರುವಿನ ಗುರುತು ಹತ್ತಿತು. ಅದು ಲಿಫ್ಟಿನಲ್ಲಿ ಹಿಡಿಸದಿದ್ದಾಗ "ಸದ್ಯಕ್ಕೆ ಮೆಟ್ಟಿಲ ಮೇಲೆ ಇಟ್ಬಿಡಿ, ಅಲ್ಲಿ ಯಾರು ಓಡಾಡ್ತಾರೆ?" ಎಂದವನು ಅವನೇ. ಮಂಚದವರಿಗೂ ಅದೇ ಮಾತು, ಸೈಕಲ್ಲಿನವರಿಗೂ ಅದೇ ಮಾತು. ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದ್ದ ಕೂಡ. ಮೇಲಿನಿಂದ ಮಕ್ಕಳ ಹಾಡು ಕೇಳಿಸುತ್ತಿತ್ತು. ಅದರಲ್ಲಿ ಮೊಮ್ಮಗಳ ದನಿ ಗುರುತು ಸಿಕ್ಕಿತು. ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ದಾರಿ ಬಿಡುವವರೆಗೆ ಮೇಲಿನ ಮಹಡಿಗಳಿಗೆ ಲಿಫ್ಟಿನಲ್ಲೇ ಹೋಗಿ, ಒಂದು ಸುತ್ತನ್ನೂ ತಪ್ಪಿಸದೆ, ನಡುನಡುವೆ ಮನೆಮನೆಯ ಬಾಗಿಲು ತಟ್ಟಿದ. "ಇವತ್ತೇ ಇಳಿಸ್ಬೇಕು. ಇಡಿ ಅಂದಿದ್ದೂ ನಾನೇ, ತೆಗೀರಿ ಅನ್ನೋದೂ ನಾನೇ." ಕೆಲವರು ಮುಖ ಗಂಟು ಹಾಕಿಕೊಂಡರು. ಬೀರು ಇಳಿಸುವಾಗ ತಾನೂ ಹೆಗಲು ಕೊಟ್ಟ. ಮಧ್ಯಾಹ್ನ ಮೂರರ ಹೊತ್ತಿಗೆ ಮೆಟ್ಟಿಲು ಖಾಲಿಯಾಯಿತು.

ಅವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಇದು ಬರೀ ಅಭ್ಯಾಸ ಎಂದು ಎಲ್ಲರಿಗೂ ಮೊದಲೇ ತಿಳಿಸಿ, ಶಿಶುವಿಹಾರದ ಬಾಗಿಲಲ್ಲಿ ಗಂಟೆ ಬಾರಿಸಿದ. ಹದಿನೆಂಟು ಮಕ್ಕಳು ಟೀಚರ್ ಹಿಂದೆ ಕೈಕೈ ಹಿಡಿದು ಕೆಳಗಿನವರೆಗೂ ಇಳಿದು ಬಂದವು. ಕೊನೆಯವಳು ಮೊಮ್ಮಗಳು.

"ತಾತ, ನಿಂಗೆ ಮೆಟ್ಟಿಲು ಹತ್ತೋಕೆ ಬರುತ್ತಾ?"

"ಇವತ್ತು ಕಲಿತೆ ಕಣಮ್ಮ."

ಆಮೇಲೆ ನೋಟ್‌ಬುಕ್ ತೆರೆದು ನಿಧಾನವಾಗಿ ಬರೆದ: "ಹೊಗೆ ಇಲ್ಲ. ಮೂರನೇ ಮಹಡಿಯಲ್ಲಿ ದಾರಿ ಕಟ್ಟಿತ್ತು. ಕಟ್ಟಿದವನು ನಾನು. ಈಗ ಮಕ್ಕಳು ಇಳಿಯಬಹುದು." ಕೆಳಗೆ ಸಹಿ ಹಾಕಿ, ಮಂಡಿ ಸವರಿಕೊಂಡು, ಮುಂದಿನ ಸುತ್ತಿಗೆ ಹೊರಟ.