ಮುಳುಗುವುದಕ್ಕೆ ಎರಡು ಮಾತು

ಕುಮಟೆಯಲ್ಲಿ ನನ್ನ ಮನೆಯ ಜಗಲಿಯ ಮೇಲೆ ಸಂಜೆ ಹೊತ್ತು ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಕಾಲೇಜಿನಿಂದ ನಿವೃತ್ತಳಾದರೂ ಬೈಯುವ ಚಟ ಬಿಟ್ಟಿಲ್ಲ. ಹೆಚ್ಚಿನ ಬೈಗುಳ ಕ್ರಿಯಾಪದಗಳ ದೆಸೆಯಿಂದಲೇ. ನಾವೆಲ್ಲ 'ನೋಡು' ಎಂಬ ಒಂದೇ ಮಾತಿನಲ್ಲಿ ಸಂಸಾರ ತೂಗಿಸುತ್ತೇವೆ. ಇಂಗ್ಲಿಷಿನವರಿಗೆ ಸೀ ಬೇರೆ, ಲುಕ್ ಬೇರೆ, ವಾಚ್ ಬೇರೆ. ಒಂದು ಸಂಜೆ ಒಬ್ಬ ಹುಡುಗಿ, ಬಾವಿಯಲ್ಲಿ ಮುಳುಗಿ ಸತ್ತವನ ಬಗ್ಗೆ 'ಸ್ಯಾಂಕ್' ಎಂದು ಬರೆದಳು.

"ದೋಣಿ ಸಿಂಕ್ ಆಗ್ತದೆ. ಮನುಷ್ಯನೂ ಆಗಬಹುದು, ಮತ್ತೆ ಮೇಲೆ ಬರಬಹುದು. ಡ್ರೌನ್ ಅಂದ್ರೆ ನೀರು ಕುಡಿದು ಸತ್ತ ಅಂತ. ಸತ್ತವನನ್ನ ಬದುಕಿಸ್ತೀಯೇನೆ?" ಎಂದು ಕೂಗಾಡಿದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಅವಳು ಅಘನಾಶಿನಿಯವಳು. ತಂದೆ ಇಲ್ಲ. ತಾಯಿ ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಚಿಪ್ಪು ಬಿಡಿಸಿ ಮಾರುತ್ತಾಳೆ. ಅಣ್ಣ ಕೊಲ್ಲಿ ದೇಶದಲ್ಲಿ ಸರಕು ಸಾಗಿಸುವ ಸಣ್ಣ ಹಡಗೊಂದರಲ್ಲಿ ಕೆಲಸಕ್ಕಿದ್ದ.

ಮಳೆಗಾಲ ಮುಗಿಯುತ್ತಿದ್ದಾಗ, ಪಾಠದ ನಡುವೆಯೇ ಅವಳ ಮೊಬೈಲಿಗೆ ಫೋನ್ ಬಂತು. "ಅಣ್ಣನ ಆಫೀಸಿನವರು ಅಕ್ಕೋರೆ, ಇಂಗ್ಲಿಷ್ ಮಾತಾಡ್ತ್ರು," ಎಂದು ಹೆದರಿ ಸ್ಪೀಕರ್ ಹಾಕಿದಳು. ಆ ಕಡೆಯ ಗಂಡಸು ಹಡಗು ಮುಳುಗಿದೆ ಎಂದ, ಉಳಿದವರೆಲ್ಲ ಬದುಕಿದ್ದಾರೆ ಎಂದ, ನಿಮ್ಮ ಅಣ್ಣ ಎಂದ. ಅಷ್ಟಕ್ಕೆ ಮಾತು ತುಂಡುತುಂಡಾಯಿತು. ನಾನು ಫೋನಿಗೆ ಕೈ ಚಾಚುವಷ್ಟರಲ್ಲಿ ಅವಳೇ ಕೇಳಿದಳು.

"ಸ್ಯಾಂಕ್ ಆರ್ ಡ್ರೌನ್ಡ್, ಸರ್?"

"ಡ್ರೌನ್ಡ್."

ಜೊತೆಗಾರನೊಬ್ಬ ಅವನನ್ನು ಉಸಿರು ನಿಂತ ಮೇಲೂ ಹಿಡಿದುಕೊಂಡಿದ್ದನಂತೆ. ಆಮೇಲೆ ಅಲೆ ಎಳೆದೊಯ್ದಿತಂತೆ. ಹೆಣ ಸಿಕ್ಕಿಲ್ಲ. ನನ್ನ ಪಾಠ ಯಾರ ತಲೆಗೂ ಅಷ್ಟು ಚೆನ್ನಾಗಿ ಹತ್ತಿದ್ದಿಲ್ಲ. ಆ ಪಾಠದ ಮೇಲೆ, ಆ ಭಾಷೆಯ ಮೇಲೆ, ನನ್ನ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು.

ರಿಕ್ಷಾ ಮಾಡಿಕೊಂಡು ಅವಳ ಜೊತೆ ನಾನೂ ಹೋದೆ. ತಾಯಿ ಅಂಗಳದಲ್ಲಿ ಬಳಚು ಬಿಡಿಸುತ್ತಿದ್ದಳು.

"ಆಯಿ, ಅಣ್ಣ ಮುಳುಗಿದ," ಎಂದಳು ಹುಡುಗಿ. ಅಷ್ಟೇ.

ತಾಯಿ ತಲೆಯೆತ್ತಿ, "ಎಲ್ಲಿ ಎದ್ದ?" ಎಂದು ಕೇಳಿದಳು.

ಹುಡುಗಿ ನನ್ನ ಮುಖ ನೋಡಿದಳು. ಕೊನೆಗೆ ಅವಳೇ, "ಹುಡುಕ್ತಿದ್ರಂತೆ," ಎಂದಳು.

"ಏಳ್ತ ಬಿಡು. ಸಣ್ಣಿರುವಾಗ ಇದೇ ಹೊಳೆಲಿ ಮುಳುಗಿ ಬಳಚು ತೆಗೀತಿದ್ದಂವ," ಎಂದು ತಾಯಿ ಮತ್ತೆ ಚಿಪ್ಪಿಗೆ ಕೈಹಾಕಿದಳು.

ಊರವರಿಗೆ ತಿಳಿಯಿತು. ಕಾರ್ಯ ಮಾಡಬೇಕು ಎಂದು ಯಾರೋ ಬಾಯಿ ತೆರೆದರೆ ತಾಯಿ ಉಗಿದು ಅಟ್ಟಿದಳು. ಹುಡುಗಿ ನನ್ನ ಕೈ ಹಿಡಿದು, "ನಾ ಹೇಳೂದಿಲ್ಲ ಅಕ್ಕೋರೆ, ನೀವೂ ಹೇಳ್ಬೇಡಿ," ಎಂದಳು. ಮನೆಯಲ್ಲಿ ಅತ್ತರೆ ತಾಯಿಗೆ ಗೊತ್ತಾಗಿಬಿಡುತ್ತದೆ. ಟ್ಯೂಷನ್‌ಗೆ ಬಂದವಳು ಮೊದಲು ನನ್ನ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಉಳಿದವರಿಗೆ ಕೇಳದಿರಲೆಂದು ನಾನು ಹೊರಗೆ ಗಟ್ಟಿಯಾಗಿ ಪಾಠ ಮಾಡುತ್ತಿದ್ದೆ.

ಒಂದು ಸಂತೆಯ ದಿನ ತಾಯಿಯೇ ಬಂದಳು. ಖಾಲಿ ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತಳು. ಚಾ ಬೇಡ ಎಂದಳು.

"ಇಂಗ್ಲಿಷಲ್ಲಿ ಮುಳುಗೂಕೆ ಎರಡು ಮಾತಿದ್ಯಾ ಅಕ್ಕೋರೆ? ಮಗಳು ನಿದ್ದೆಲಿ ಅದೋ ಇದೋ ಅಂತ ಕೇಳ್ತಾ ಇರ್ತದೆ."

"ಇದೆ," ಎಂದೆ.

"ಫೋನಿನಂವ ಯಾವುದು ಹೇಳ್ದ?"

"ಎರಡನೇದು."

"ಅದ್ರಲ್ಲಿ ಏಳೂದು ಇಲ್ವಾ?"

ಬದುಕಿನಲ್ಲಿ ಎಷ್ಟು ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿದ್ದೇನೋ.

"ಇಲ್ಲ," ಎಂದೆ.

ಅವಳು ಬುಟ್ಟಿಯ ಅಂಚು ಸವರಿದಳು.

"ಆತು," ಎಂದು ಎದ್ದಳು. "ದಿನಾ ಕಣ್ಣು ಕೆಂಪು ಮಾಡ್ಕಂಡು ಬತ್ತದೆ ಅದು. ಇನ್ನು ಮನೆಲೇ ಅಳು ಅಂತ ಹೇಳಿ ಅದ್ಕೆ."