ಹೆಸರು ಹೇಳದ ಮನೆಯ ಇಂಗ್ಲಿಷು

ಗೈಡ್ ನೋಡಿ ಬರೆದಿರಬಹುದು. ಗೈಡ್ ಅಲ್ಲದಿದ್ದರೆ ಮೊಬೈಲು. ಮೊಬೈಲೂ ಅಲ್ಲದಿದ್ದರೆ ಅಣ್ಣಿಗೇರಿಯಲ್ಲಿ ಟ್ಯೂಷನ್ ಹೇಳುವ ಯಾರೋ ಬರೆದುಕೊಟ್ಟಿರಬಹುದು. ನಾನು ನಂಬಿ ಸಹಿ ಹಾಕಿ ಕಳಿಸಬಹುದು. ಧಾರವಾಡದಲ್ಲಿ ಯಾರೋ ಒಬ್ಬರು ಕನ್ನಡಕ ಕೆಳಗಿಳಿಸಿ ಈ ಹುಡುಗಿಗೆ ಎರಡು ಪ್ರಶ್ನೆ ಕೇಳಬಹುದು, ಆಕೆ ಗೋಡೆ ನೋಡುತ್ತ ನಿಂತುಬಿಡಬಹುದು. ಆಗ ಕೆಳಗಿನ ಸಹಿ ಯಾರದು ಎಂಬ ಮಾತು ಬರಬಹುದು. ನನಗೆ ನೋಟಿಸು ಬರಬಹುದು. ನೋಟಿಸಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯಲು ಹೋಗಿ, ಅದರಲ್ಲಿ ನನ್ನದೇ ಒಂದು ತಪ್ಪು ಸಿಕ್ಕಿಬೀಳಬಹುದು. ಅಥವಾ ಇಷ್ಟಕ್ಕೆಲ್ಲ ಹೆದರಿ ನಾನು ಸಹಿಯನ್ನೇ ಹಾಕದೆ ಬಿಡಬಹುದು. ಆ ಹುಡುಗಿ ಮಾತ್ರ ನಿಜವಾಗಿಯೂ ತಾನೇ ಬರೆದಿರಬಹುದು.

ಈ ಕೊನೆಯದನ್ನು ನಾನು ಅಷ್ಟೇನೂ ನಂಬಿರಲಿಲ್ಲ. ಮನೆಯಿಂದ ಹೊರಟು ಬಸ್ ಸ್ಟ್ಯಾಂಡ್ ತಲುಪುವುದರೊಳಗೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಎರಡು ಸಲ ಫೋನ್ ಮಾಡುವ ಹೆಂಗಸು ನಾನು. ಒಳ್ಳೆಯದೇನಾದರೂ ಆದರೆ ಅದನ್ನು ತಿರುಗಿಸಿ ಹಿಂಭಾಗ ನೋಡದೆ ನನಗೆ ಸಮಾಧಾನವಿಲ್ಲ.

ಅಣ್ಣಿಗೇರಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ಧಾರವಾಡದಲ್ಲಿ ಹತ್ತು ದಿನದ ಇಂಗ್ಲಿಷ್ ಶಿಬಿರ ಎಂದು ಪತ್ರ ಬಂತು. ಶಾಲೆಯಿಂದ ಒಂದೇ ಮಗು. ಮಗು ಬರೆದ ಒಂದು ಪುಟ ಕಳಿಸಬೇಕು, ಕೆಳಗೆ ‘ಇದು ಸ್ವಂತ ಬರಹ’ ಎಂದು ಕಲಿಸಿದವರ ಸಹಿ ಇರಬೇಕು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಮರುದಿನದಿಂದಲೇ ನನ್ನ ಹಿಂದೆ ಬಿದ್ದಳು. ಆಕೆಯ ಅಪ್ಪ ಕುರಿ ಕಾಯುವವನು, ವರ್ಷದ ಅರ್ಧ ಹಿಂಡಿನ ಹಿಂದೆಯೇ ಊರೂರು ತಿರುಗುತ್ತಾನೆ. ಪ್ರತಿ ರಜೆಯಲ್ಲೂ ಈಕೆ ಹಿಂಡು ಬೀಡುಬಿಟ್ಟ ಹೊಲಕ್ಕೆ ಹೋಗಿ ರೊಟ್ಟಿ ಬಡಿಯಬೇಕು. ಈ ಸಲ ಅಪ್ಪ ಫೋನಿನಲ್ಲಿ ಮಾತು ಕೊಟ್ಟಿದ್ದನಂತೆ.

“ಸಾಲ್ಯಾಗ ನನ್ನ ಹೆಸರು ಬಂದ್ರ ಧಾರವಾಡರಿ ಮೇಡಂ. ಬರಲಿಲ್ಲಂದ್ರ ಕುರಿ ಹಿಂದ ರೊಟ್ಟಿ,” ಎಂದಳು.

ಆ ತಿಂಗಳು ನಾನು ಕಲಿಸುತ್ತಿದ್ದದ್ದು ರಿಲೇಟಿವ್ ಕ್ಲಾಜ್, ಅಂದರೆ ‘ಹೂ’, ‘ವಿಚ್’, ‘ಹೂಸ್’ ಹಾಕಿ ವಾಕ್ಯ ಜೋಡಿಸುವುದು. ನಾವು ‘ನಿನ್ನೆ ಸಂತೆಯಲ್ಲಿ ಜಗಳ ಮಾಡಿದ ಮನುಷ್ಯ’ ಎನ್ನುತ್ತೇವೆ. ಸುದ್ದಿಯೆಲ್ಲ ಮುಗಿದ ಮೇಲೆ ಮನುಷ್ಯ ಬರುತ್ತಾನೆ. ಇಂಗ್ಲಿಷಿನವರು ಮನುಷ್ಯನನ್ನು ಮೊದಲೇ ಕಟ್ಟೆಯ ಮೇಲೆ ಕೂಡಿಸಿ, ‘ಹೂ’ ಎಂದು ಗಂಟಲು ಸರಿಮಾಡಿಕೊಂಡು, ಆಮೇಲೆ ಅವನ ಸುದ್ದಿ ತೆಗೆಯುತ್ತಾರೆ. ಹತ್ತೊಂಬತ್ತು ವರ್ಷದಿಂದ ಹೀಗೇ ಹೇಳುತ್ತ ಬಂದಿದ್ದೇನೆ. ಹತ್ತೊಂಬತ್ತು ವರ್ಷದಿಂದ ಮಕ್ಕಳು ‘ದಿಸ್ ಈಸ್ ದ ಬಾಯ್ ಹೂ ಈಸ್ ಅ ಬಾಯ್’ ಎಂದು ಬರೆದು ಕೊಡುತ್ತ ಬಂದಿದ್ದಾರೆ. ‘ಹೂಸ್’ ಬಳಸಿರಿ ಎಂದರೆ ಆ ಪ್ರಶ್ನೆಯನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ.

ಈ ಹುಡುಗಿ ‘ನಮ್ಮ ಮನೆ’ ಎಂದು ಒಂದು ಪುಟ ಬರೆದು ತಂದಳು. ಮೊದಲ ಸಾಲು: ‘ದ ಮ್ಯಾನ್ ಹೂ ಸ್ಲೀಪ್ಸ್ ನಿಯರ್ ದ ಡೋರ್ ಈಸ್ ಮೈ ಗ್ರ್ಯಾಂಡ್‌ಫಾದರ್.’ ಬಾಗಿಲ ಹತ್ತಿರ ಮಲಗುವವರು ನನ್ನ ಅಜ್ಜ. ಇರಲಿ. ಎರಡನೆಯದು: ‘ದ ಮ್ಯಾನ್ ಹೂಸ್ ಡಾಗ್ ಈಸ್ ಕ್ಲೆವರರ್ ದ್ಯಾನ್ ಹಿಮ್ ಈಸ್ ಮೈ ಬಿಗ್ ಗ್ರ್ಯಾಂಡ್‌ಫಾದರ್.’ ಯಾರ ನಾಯಿ ಅವರಿಗಿಂತ ಶಾಣ್ಯಾ ಇದೆಯೋ ಅವರು ನಮ್ಮ ದೊಡ್ಡಜ್ಜ. ‘ಹೂಸ್’ ತನ್ನ ಜಾಗದಲ್ಲಿ ತಾನಾಗಿ ಬಂದು ಕೂತಿತ್ತು. ಮುಂದೆ ಸೋರುವ ಕೊಡ, ಮಾತು ಬಿಟ್ಟ ಬೀಗರು, ಮೂರು ಸಲ ಕಳೆದು ಮೂರು ಸಲವೂ ಸಿಕ್ಕ ಕುರಿ. ಪುಟದ ತುಂಬ ‘ಹೂ’, ‘ವಿಚ್’, ‘ಹೂಸ್’. ಇಡೀ ಪುಟದಲ್ಲಿ ಒಬ್ಬರ ಹೆಸರೂ ಇಲ್ಲ.

ಬೇರೆ ಯಾರಾದರೂ ಖುಷಿಪಡುತ್ತಿದ್ದರು. ‘ಬಿಗ್ ಗ್ರ್ಯಾಂಡ್‌ಫಾದರ್’ ಎಂಬ ತಪ್ಪು ಕೂಡ ಕಳ್ಳತನ ಮುಚ್ಚಲು ಬೇಕೆಂದೇ ಹಾಕಿದ್ದು ಎಂದು ನನಗೆ ಅನ್ನಿಸಿತು. ಆ ಪುಟವನ್ನು ಹೆಡ್‌ಮಾಸ್ತರರ ಮುಂದಿಟ್ಟೆ.

“ಚೊಲೋ ಬರದಾಳಲ್ರಿ,” ಎಂದರು.

“ಅದಕ್ಕ ತೋರಸಾಕತ್ತೇನ್ರಿ ಸರ್. ಇಷ್ಟು ಚೊಲೋ ಹೆಂಗ ಬರದ್ಳು?”

“ನಿಮ್ಮದೊಂದು ತಿಳಿಯಂಗಿಲ್ಲ ನೋಡ್ರಿ ಮೇಡಂ. ಹುಡುಗ್ರು ತಪ್ಪು ಬರದ್ರ ಅಳ್ತೀರಿ, ಸರಿ ಬರದ್ರ ಪೊಲೀಸ್ರನ್ನ ಕರೀತೀರಿ. ಸಹಿ ನಿಮ್ಮದು, ಶನಿವಾರದೊಳಗ ಕಳಸ್ರಿ.”

ಹುಡುಗಿಯನ್ನು ಕರೆಸಿದೆ. ಯಾರು ಹೇಳಿಕೊಟ್ಟರು ಎಂದು ಕೇಳಿದೆ.

“ನಮ್ಮ ಆಯಿರಿ,” ಎಂದಳು. ಆಯಿ ಎಂದರೆ ಅಜ್ಜಿ.

“ನಿಮ್ಮ ಆಯಿಗೆ ಇಂಗ್ಲಿಷ್ ಬರ್ತದೇನು?”

“ಇಲ್ರಿ. ಆಕಿ ಹೆಬ್ಬಟ್ಟು ಒತ್ತತಾಳ್ರಿ.”

“ಮತ್ತ ಹೆಂಗ ಹೇಳಿಕೊಟ್ಳು?”

“ಆಕಿ ಮನ್ಯಾಗ ಹಂಗ ಮಾತಾಡ್ತಾಳ್ರಿ.”

ಸುಳ್ಳು ಹೇಳುವವರಾದರೂ ಸ್ವಲ್ಪ ನಂಬುವ ಹಾಗೆ ಹೇಳಬೇಕಲ್ಲ ಎಂದು ಸಿಟ್ಟು ಬಂತು. ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂಡಿಸಿ, ಬಿಳಿ ಹಾಳೆ ಕೊಟ್ಟು, “ಇಲ್ಲೇ, ನನ್ನ ಮುಂದ, ಅದ ವಿಷಯ ಮತ್ತೊಮ್ಮೆ ಬರಿ,” ಎಂದೆ. ಅರ್ಧ ತಾಸಿನ ನಂತರ ಕೊಟ್ಟಳು. ‘ಐ ಹ್ಯಾವ್ ಅ ಗ್ರ್ಯಾಂಡ್‌ಫಾದರ್. ಹಿ ಈಸ್ ಓಲ್ಡ್. ಹಿ ಈಸ್ ಗುಡ್. ವಿ ಹ್ಯಾವ್ ಅ ಡಾಗ್.’ ಎಲ್ಲ ಹೀಗೆ ಮೂರು ಪದ, ನಾಲ್ಕು ಪದದ ಸಾಲುಗಳು. ಒಂದೇ ಒಂದು ‘ಹೂ’ ಇಲ್ಲ. ಕಳ್ಳತನ ಸಿಕ್ಕಿತು ಎಂದುಕೊಂಡೆ. ಆಗ ನನಗಾದ ಸಂತೋಷ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನನ್ನ ಸಂಶಯಗಳಲ್ಲಿ ಒಂದಾದರೂ ನಿಜವಾಗುವುದು ಅಪರೂಪ.

ಕಳ್ಳ ಸಿಕ್ಕರೆ ಸಾಲದು, ಬರೆದುಕೊಟ್ಟವರೂ ಸಿಗಬೇಕು. ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಅಜ್ಜಿ ಶೇಂಗಾ ಒಡೆಯುತ್ತ ಕೂತಿದ್ದಳು. “ಬರ್ರಿ ಅಕ್ಕೋರ, ಕುಂದರ್ರಿ,” ಎಂದು ಕಂಬಳಿ ಹಾಸಿದಳು. ಗೈಡ್ ಎಲ್ಲಾದರೂ ಕಾಣುತ್ತದೆಯೇ ಎಂದು ನಾನು ಗೋಡೆಯ ಗೂಡುಗಳನ್ನೆಲ್ಲ ಕಣ್ಣಿನಲ್ಲೇ ತಡಕಾಡಿದೆ. ಒಂದರಲ್ಲಿ ದೇವರಿತ್ತು, ಇನ್ನೊಂದರಲ್ಲಿ ಚಾರ್ಜರ್ ಇತ್ತು. ಚಾರ್ಜರ್ ನೋಡಿ ಮೊಬೈಲಿನ ಸಂಶಯ ಮತ್ತೆ ತಲೆ ಎತ್ತಿತು.

ಅಜ್ಜಿ ಒಳಗಿದ್ದ ಮೊಮ್ಮಗಳಿಗೆ ಕೂಗಿದಳು: “ಅಕ್ಕೋರಿಗೆ ಚಾ ಇಡಬೇ. ಬಾಗಲದಾಗ ಮಲಗಾವ್ರಿಗೂ ಒಂದ್ ಕಪ್ ಒಯ್ಯಿ. ನಾಯಿ ಕರಕೊಂಡ ಹೋದಾವ್ರು ಬಂದ್ರೇನು ನೋಡು. ಸಕ್ರಿ ತೀರಿದ್ರ ನಮ್ಮ ಕೂಡ ಮಾತು ಬಿಟ್ಟಾವ್ರ ಬಾಜೂ ಮನ್ಯಾಗ ಇಸಗೊಂಡು ಬಾ.”

ಆ ಪುಟದ ಸಾಲುಗಳು ಒಂದೊಂದಾಗಿ ನಡೆದು ಬರುತ್ತಿದ್ದವು.

“ಯಾರ್ಯಾರ ಸುದ್ದಿ ಹೇಳಾಕತ್ತೀಯಬೇ ಆಯಿ?” ಎಂದೆ.

“ಬಾಗಲದಾಗ ಮಲಗಾವ್ರು ಅಂದ್ರ ನಮ್ಮನಿಯವ್ರು. ನಾಯಿಯವ್ರು ಅಂದ್ರ ಅವರ ಅಣ್ಣಾವ್ರು. ಹೆಸರ ಹಿಡದು ಹೆಂಗ ಹೇಳ್ಲೆವಾ? ಈ ಮನಿಗೆ ಬಂದಾಗಿಂದ ಇವರ ಹೆಸರ ಒಮ್ಮೆನೂ ನನ್ನ ಬಾಯಾಗ ಬಂದಿಲ್ಲ.” ಗಂಡನ ಹೆಸರಷ್ಟೇ ಅಲ್ಲ. ಮಾವನ ಹೆಸರಿನೊಳಗೆ ವಾರದ ಒಂದು ದಿನವೂ ಸೇರಿಕೊಂಡಿತ್ತಂತೆ. ಆ ದಿನ ಆಕೆಗೆ ಇವತ್ತಿಗೂ ‘ಸಂತಿ ಮಾಡಿ ಬಂದ ಮರುದಿನ’.

“ದವಾಖಾನ್ಯಾಗ ಚೀಟಿ ಮಾಡಸೂಮುಂದ ಯಜಮಾನ್ರ ಹೆಸರೇನು ಅಂತ ಕೇಳ್ತಾರ. ರೇಷನ್ ಅಂಗಡ್ಯಾಗೂ ಕೇಳ್ತಾರ. ನಾನು ಸುದ್ದಿ ಹೇಳಾಕಿ, ಈಕಿ ಬಾಜೂಕ ನಿಂತು ಹೆಸರು ಹೇಳಾಕಿ. ಸಣ್ಣಾಕಿದ್ದಾಗಿಂದ ಈಕಿದ ಅದ ಕೆಲಸ.”

ಬಾಗಿಲ ಹೊರಗಿನ ಕಟ್ಟೆಯ ಮೇಲಿಂದ ಅಜ್ಜ ಕೂಗಿದ: “ಈಕಿ ನನ್ನ ಹೆಸರು ಮರತಾಳ್ರಿ ಅಕ್ಕೋರ! ಕೇಳಿ ನೋಡ್ರಿ ಬೇಕಾರ!”

“ನೀವು ಸುಮ್ನ ಕುಂದರ್ರಿ,” ಎಂದು ಅಜ್ಜಿ ಅತ್ತ ಕೈ ಬೀಸಿ, ನನ್ನ ಕಡೆ ತಿರುಗಿದಳು. “ನಿಮ್ಮ ಯಜಮಾನ್ರ ಹೆಸರೇನವಾ?”

“ಅವರು ಹುಬ್ಬಳ್ಯಾಗ ಬ್ಯಾಂಕಿನ್ಯಾಗ ಅದಾರ,” ಎಂದೆ.

ಅಜ್ಜಿ ಶೇಂಗಾದ ಮೊರ ಕೆಳಗಿಟ್ಟು ನಕ್ಕಳು. “ಎಷ್ಟು ಸಾಲಿ ಕಲತೀಯವಾ ನೀನು?”

ನಾನು ಕಲಿತದ್ದು ಎಂ.ಎ. ನನ್ನ ಫೋನಿನಲ್ಲೂ ಅವರ ನಂಬರು ‘ಮನಿಯವ್ರು’ ಎಂದೇ ಇದೆ.

ಹುಡುಗಿ ಚಹಾ ತಂದಳು. ನನ್ನನ್ನು ನೋಡದೆ ಕಪ್ಪು ಇಟ್ಟು ಹೊರಟವಳನ್ನು ತಡೆದು, “ನನ್ನ ಮುಂದ ಬರಿ ಅಂದಾಗ ಯಾಕ ಹಂಗ ಸಣ್ಣಸಣ್ಣದು ಬರದಿ?” ಎಂದೆ.

“ಉದ್ದ ಬರದಿದ್ದಕ್ಕ ನೀವು ಸಿಟ್ಟಾಗಿದ್ರಲ್ರಿ,” ಎಂದಳು. “ಇನ್ನೊಮ್ಮೆ ಉದ್ದ ಬರದ್ರ ಧಾರವಾಡ ತಪ್ಪತೈತಿ ಅಂತ ಅಂಜಿಕಿ ಬಂತ್ರಿ.”

ಶನಿವಾರ ಮೊದಲಿನ ಪುಟಕ್ಕೇ ಸಹಿ ಹಾಕಿದೆ. ‘ಬಿಗ್ ಗ್ರ್ಯಾಂಡ್‌ಫಾದರ್’ ತಿದ್ದಲಿಲ್ಲ. ಹುಡುಗಿಯನ್ನು ಕರೆದು, ತಪ್ಪು ನನ್ನದು, ಉದ್ದ ಬರೆದದ್ದೇ ಚೆಂದ ಇತ್ತು ಎಂದು ಹೇಳಿದೆ. “ಹೌದ್ರಿ,” ಎಂದು ತಲೆಯಾಡಿಸಿದಳು. ನೋಟಿಸು ಬರಲಿಲ್ಲ, ಯಾರೂ ಗೋಡೆ ನೋಡುತ್ತ ನಿಲ್ಲಲಿಲ್ಲ. ಆಕೆಯ ಹೆಸರು ಬಂತು. ಆ ದಸರೆಯಲ್ಲಿ ರೊಟ್ಟಿ ಬಡಿಯಲು ಆಕೆಯ ಚಿಕ್ಕಮ್ಮ ಹೋದಳು, ಈಕೆ ಧಾರವಾಡಕ್ಕೆ ಹೋಗಿ ಹತ್ತು ದಿನ ಇದ್ದು ಬಂದಳು. ಅಲ್ಲಿ ಅಜ್ಜಿಯ ಮೇಲೆ ಒಂದು ಪುಟ ಬರೆದು ಎಲ್ಲರನ್ನೂ ನಗಿಸಿದಳಂತೆ. ಅದನ್ನು ಬೇರೆಯವರು ಹೇಳಿದರು, ಆಕೆ ನನಗೆ ತೋರಿಸಲಿಲ್ಲ.

ರಜೆ ಮುಗಿದ ಮೇಲೆ ಬಂದ ಪರೀಕ್ಷೆಯಲ್ಲಿ, ನಿಮ್ಮ ಮನೆಯ ಒಬ್ಬರ ಬಗ್ಗೆ ಬರೆಯಿರಿ ಎಂದು ನಾನೇ ಒಂದು ಪ್ರಶ್ನೆ ಹಾಕಿದ್ದೆ. ಆಕೆಗಾಗಿಯೇ ಹಾಕಿದ್ದೆ. ಆಕೆ ಬರೆದದ್ದು ಆರು ಸಾಲು. ಅಜ್ಜಿ ಇದ್ದಾಳೆ. ಅಜ್ಜಿಗೆ ವಯಸ್ಸಾಗಿದೆ. ಅಜ್ಜಿ ಒಳ್ಳೆಯವಳು. ಎಲ್ಲ ಅಂದು ನನ್ನ ಮುಂದೆ ಬರೆದಂಥ ಸಣ್ಣ ಸಾಲುಗಳು, ಎಲ್ಲಕ್ಕೂ ಚುಕ್ಕೆ, ಕಾಗುಣಿತದ ಒಂದು ತಪ್ಪೂ ಇಲ್ಲ. ಕೆಂಪು ಪೆನ್ನು ಹಿಡಿದು ಸುಮಾರು ಹೊತ್ತು ಕೂತೆ. ತಿದ್ದಲು ಏನೂ ಇರಲಿಲ್ಲ. ಪೂರ್ತಿ ಮಾರ್ಕ್ಸ್ ಕೊಟ್ಟೆ.